ಶುಗರ್ ಇದ್ದವರ ಹಣ್ಣಿನ ಬುಟ್ಟಿ: ಪೇರಲವೋ ಸೇಬೋ, ಆಪೂಸೋ ಬಾಳೆಯೋ?

ಸಕ್ಕರೆ ಕಾಯಿಲೆ ಇದ್ದವರು ಹಣ್ಣಿನ ಗಾಡಿ ಮುಂದೆ ನಿಂತು ಜೊತೆಗಿದ್ದವರನ್ನು ಕೇಳುವುದು ಒಂದೇ ಮಾತು: "ಇದು ನಡಿತೈತೇನ್ರಿ?" ಪ್ರಶ್ನೆ ತಪ್ಪಲ್ಲ, ಅರ್ಧ ಅಷ್ಟೇ. ಎಷ್ಟು ತೂಕ, ಯಾವ ಊಟದ ಜೊತೆ ಎನ್ನುವ ಉಳಿದರ್ಧ ಗೊತ್ತಾಗದೆ ಯಾರಿಗೂ ಸರಿಯಾದ ಉತ್ತರ ಕೊಡಲು ಬರುವುದಿಲ್ಲ. ಹುಬ್ಬಳ್ಳಿಯ ಜನತಾ ಬಜಾರಿನಲ್ಲಿ, ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲಿ, ಗದಗ-ಹಾವೇರಿಯ ಸಂತೆಗಳಲ್ಲಿ ಆಯಾ ಕಾಲಕ್ಕೆ ಸಿಗುವ ಹಣ್ಣುಗಳನ್ನೇ ಇಟ್ಟುಕೊಂಡು ಈ ಲೆಕ್ಕ ಮಾಡೋಣ.

ಮೊದಲು ಒಂದು ಅಳತೆ ಬೇಕು. ಹಣ್ಣಿನಲ್ಲಿರುವ ಕಾರ್ಬೋಹೈಡ್ರೇಟ್‌ನಿಂದ ನಾರನ್ನು ಕಳೆದರೆ ಉಳಿಯುವುದೇ ರಕ್ತದ ಸಕ್ಕರೆಯನ್ನು ಏರಿಸುವ ಭಾಗ. ಇದು 13ರಿಂದ 15 ಗ್ರಾಂ ಸಿಗುವಷ್ಟು ಹಣ್ಣಿಗೆ "ಒಂದು ಪಾಲು" ಎನ್ನೋಣ. ಸಿಪ್ಪೆ, ಬೀಜ, ಓಟೆ ತೆಗೆದ ಮೇಲಿನ ತೂಕದಲ್ಲಿ ಒಂದು ಪಾಲು ಎಂದರೆ ಹೀಗೆ:

ಪೇರಲ 150 ಗ್ರಾಂ, ಅಂದರೆ ಮಧ್ಯಮ ಗಾತ್ರದ ಒಂದು ಇಡೀ ಹಣ್ಣು.
ಕಲ್ಲಂಗಡಿ 200 ಗ್ರಾಂ, ದೊಡ್ಡ ಬಟ್ಟಲಿನ ತುಂಬ.
ಪಪ್ಪಾಯಿ 150 ಗ್ರಾಂ, ಒಂದು ಬಟ್ಟಲು ಹೋಳು.
ಕಿತ್ತಳೆ ಅಥವಾ ಮೋಸಂಬಿ 140 ಗ್ರಾಂ, ಒಂದು ಹಣ್ಣು.
ಸೇಬು 120 ಗ್ರಾಂ, ಸಣ್ಣದೊಂದು.
ಮಾವು 100 ಗ್ರಾಂ.
ದಾಳಿಂಬೆ ಕಾಳು 90 ಗ್ರಾಂ, ಮುಕ್ಕಾಲು ಹಣ್ಣಿಗಿಂತ ಹೆಚ್ಚಲ್ಲ.
ನೇರಲ ಹಣ್ಣು 90 ಗ್ರಾಂ.
ಚಿಕ್ಕು 90 ಗ್ರಾಂ, ಒಂದೇ ಒಂದು.
ದ್ರಾಕ್ಷಿ 80 ಗ್ರಾಂ, ಸಣ್ಣ ಗಾತ್ರದವು ಸುಮಾರು ಇಪ್ಪತ್ತು.
ಸೀತಾಫಲದ ತಿರುಳು 70 ಗ್ರಾಂ.
ಬಾಳೆ 60 ಗ್ರಾಂ.
ಹಲಸಿನ ತೊಳೆ 60 ಗ್ರಾಂ, ಎರಡೋ ಮೂರೋ.
ಖರ್ಜೂರ 20 ಗ್ರಾಂ, ದೊಡ್ಡದಾದರೆ ಒಂದು, ಸಣ್ಣವಾದರೆ ಎರಡು.

ಪಟ್ಟಿಯ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಅಕ್ಕಪಕ್ಕ ಇಟ್ಟು ನೋಡಿ. 150 ಗ್ರಾಂ ಪೇರಲ ಹಲ್ಲಿಗೆ ಕೆಲಸ ಕೊಡುತ್ತದೆ, ಹೊಟ್ಟೆ ತುಂಬಿಸುತ್ತದೆ. 20 ಗ್ರಾಂ ಖರ್ಜೂರ ಬಾಯಿಗೆ ಹೋದದ್ದೇ ಗೊತ್ತಾಗುವುದಿಲ್ಲ. ಶುಗರ್ ಅಳೆಯುವ ಮೀಟರಿನ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ದಿನಕ್ಕೆ ಒಂದು ಪಾಲು, ಶುಗರ್ ಹಿಡಿತದಲ್ಲಿದ್ದರೆ ಎರಡು, ಅವನ್ನೂ ಬೇರೆ ಬೇರೆ ಹೊತ್ತಿಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಆರೋಗ್ಯವಂತರ 2000 ಕ್ಯಾಲೊರಿಯ ತಟ್ಟೆಗೇ ಇಟ್ಟಿರುವುದು 100 ಗ್ರಾಂ ಹಣ್ಣು. ಆದ್ದರಿಂದ ಇದನ್ನು ಪಥ್ಯದ ಜಿಪುಣತನ ಎಂದುಕೊಳ್ಳಬೇಕಿಲ್ಲ. ಅಡುಗೆಮನೆಗೆ ಒಂದು ಡಿಜಿಟಲ್ ತಕ್ಕಡಿ ತಂದು ಹದಿನೈದು ದಿನ ತೂಗಿದರೆ ಸಾಕು, ಆಮೇಲೆ ಕಣ್ಣಳತೆ ತಾನೇ ಕೂರುತ್ತದೆ.

ಪೇರಲ ಮತ್ತು ಸೇಬು

ಆಸ್ಪತ್ರೆಗೆ ನೋಡಲು ಹೋಗುವವರ ಕೈಯಲ್ಲಿ ಸೇಬಿನ ಚೀಲವೇ ಯಾಕಿರಬೇಕೋ ತಿಳಿಯದು. ಶುಗರ್ ಲೆಕ್ಕದಲ್ಲಿ ಹುಬ್ಬಳ್ಳಿ-ಧಾರವಾಡ ರಸ್ತೆಯ ನವಲೂರಿನ ಪೇರಲ ಸೇಬನ್ನು ಸುಲಭವಾಗಿ ಹಿಂದೆ ಹಾಕುತ್ತದೆ. 100 ಗ್ರಾಂ ಪೇರಲದಲ್ಲಿ ನಾರು 5 ಗ್ರಾಂ ದಾಟುತ್ತದೆ, ಸೇಬಿನಲ್ಲಿ ಎರಡೂವರೆ ಗ್ರಾಂ ಇದ್ದರೆ ಹೆಚ್ಚು. ವಿಟಮಿನ್ ಸಿ ವಿಷಯದಲ್ಲಂತೂ ಹೋಲಿಕೆಯೇ ಸಲ್ಲ: ಪೇರಲದಲ್ಲಿ 200 ಮಿಲಿಗ್ರಾಂ ಮೀರಿದರೆ ಸೇಬಿನಲ್ಲಿ ಐದರ ಆಸುಪಾಸು. ಹಣ್ಣಿನ ನಾರು, ಅದರಲ್ಲೂ ಪೆಕ್ಟಿನ್, ಹೊಟ್ಟೆಯಲ್ಲಿ ನೀರು ಹೀರಿ ಲೋಳೆಯಾಗಿ ಸಕ್ಕರೆ ಕರುಳಿನಿಂದ ರಕ್ತಕ್ಕೆ ಇಳಿಯುವ ವೇಗವನ್ನು ತಗ್ಗಿಸುತ್ತದೆ.

ಕೊಳ್ಳುವಾಗ ಹಸಿರು ಬಿಟ್ಟು ತಿಳಿಹಳದಿಗೆ ತಿರುಗುತ್ತಿರುವ, ಹೆಬ್ಬೆರಳಿನಿಂದ ಒತ್ತಿದರೆ ತುಸು ಮಾತ್ರ ಬಗ್ಗುವ, ಕಚ್ಚಿದರೆ ಕರಕ್ ಎನ್ನುವ ಹಣ್ಣು ಆರಿಸಿ. ಘಮ ಮನೆ ತುಂಬುವಷ್ಟು ಮಾಗಿ ಮೆತ್ತಗಾದದ್ದರಲ್ಲಿ ಸಿಹಿ ಹೆಚ್ಚು, ಅಗಿಯುವ ಕೆಲಸವೂ ಕಡಿಮೆ. ಮಳೆಗಾಲದ ಬೆಳೆ ಸಪ್ಪೆ, ಹುಳದ ಕಾಟವೂ ಅದಕ್ಕೇ ಜಾಸ್ತಿ. ಚಳಿಗಾಲದ್ದು ಗಟ್ಟಿ, ರುಚಿ. ಒಳಗೆ ಬಿಳಿ ಇರಲಿ, ಕೆಂಪಿರಲಿ, ಪಾಲಿನ ಲೆಕ್ಕ ಬದಲಿಸಬೇಕಿಲ್ಲ. ಸಿಪ್ಪೆ ತೆಗೆಯಬೇಡಿ. ಗಾಡಿಯವರು ನಾಲ್ಕು ಹೋಳು ಮಾಡಿ ಮೆತ್ತುವ ಉಪ್ಪು-ಖಾರದಿಂದ ಶುಗರ್ ಏರದು, ಆದರೆ ಬಿಪಿ ಗುಳಿಗೆ ನುಂಗುವವರು ಉಪ್ಪಿಗೆ ಬೇಡವೆಂದು ಖಾರಕ್ಕಷ್ಟೇ ಹೂಂ ಅನ್ನಬಹುದು. ಹಲ್ಲಿಲ್ಲದ ಹಿರಿಯರಿಗೆ ನಡುವಿನ ಬೀಜದ ಗಡ್ಡೆ ತೆಗೆದು, ಸುತ್ತಲಿನ ಗಟ್ಟಿ ಭಾಗವನ್ನು ತುರಿದು ಕೊಡಿ. ಬಹುಕಾಲದ ಶುಗರಿನಿಂದ ಜಠರ ನಿಧಾನವಾಗಿ, ಎರಡು ತುತ್ತಿಗೇ ಹೊಟ್ಟೆ ಉಬ್ಬುವವರಿಗೆ ಪೇರಲದ ಬೀಜ-ಸಿಪ್ಪೆ ಒಗ್ಗುವುದಿಲ್ಲ. ಅವರಿಗೆ ಪಪ್ಪಾಯಿ ವಾಸಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಡೆ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ಶುಗರಿನ ಜೊತೆ ಕಿಡ್ನಿಗೂ ಪೆಟ್ಟಾಗಿ, ಪೊಟ್ಯಾಸಿಯಂ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದರೆ ಪೇರಲ ಕೈಬಿಡಬೇಕು. 100 ಗ್ರಾಂ ಪೇರಲದಲ್ಲಿ ಪೊಟ್ಯಾಸಿಯಂ 400 ಮಿಲಿಗ್ರಾಂ ದಾಟುತ್ತದೆ. ಬಾಳೆ ಅದರ ಹಿಂದೆಯೇ ಇದೆ, ಸುಮಾರು 360. ಸೇಬು, ಅನಾನಸ್, ಕಲ್ಲಂಗಡಿಗಳಲ್ಲಿ 110ರ ಆಚೀಚೆ. ಇಂಥವರಿಗೆ ಆ ಆಸ್ಪತ್ರೆಯ ಸೇಬೇ ಸರಿ. ಎಳನೀರೂ ಪೊಟ್ಯಾಸಿಯಂ ತುಂಬಿದ್ದೇ. ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರನೋಲ್ಯಾಕ್ಟೋನ್‌ನಂಥ ಬಿಪಿ ಗುಳಿಗೆಗಳು ದೇಹದಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುತ್ತವೆ ಎಂಬುದನ್ನೂ ಇದಕ್ಕೆ ಸೇರಿಸಿ. ಕಮರಾಕ್ಷಿ ಎನ್ನುವ ನಕ್ಷತ್ರದಾಕಾರದ ಹುಳಿಹಣ್ಣನ್ನು ಕಿಡ್ನಿ ತೊಂದರೆಯವರು ಒಂದು ಹೋಳೂ ಮುಟ್ಟಬಾರದು. ಅದರಲ್ಲಿರುವ ವಿಷಕಾರಿ ಅಂಶವನ್ನು ಸೋತ ಕಿಡ್ನಿ ಹೊರಹಾಕಲಾರದೆ ಅದು ಮಿದುಳಿಗೆ ಏರುತ್ತದೆ.

ಮಾವು: ಬಿಡಬೇಡಿ, ಹೆಚ್ಚಿ ತಿನ್ನಿ

ಏಪ್ರಿಲ್‌ನಿಂದ ಜೂನ್‌ವರೆಗೆ ಕೆಲಗೇರಿ, ಕಲಕೇರಿ ಕಡೆಯ ಆಪೂಸು, ಹಾನಗಲ್ಲಿನ ಮಾವು ಮಾರುಕಟ್ಟೆ ತುಂಬಿರುವಾಗ "ಮಾವು ಬಂದ್" ಎಂದು ಬರೆದುಕೊಟ್ಟರೆ ಯಾರೂ ಕೇಳುವುದಿಲ್ಲ, ಕದ್ದು ತಿನ್ನುತ್ತಾರೆ. ಕದ್ದು ತಿಂದದ್ದಕ್ಕೆ ಅಳತೆ ಎಲ್ಲಿಯದು? ಅದಕ್ಕಿಂತ ಲೆಕ್ಕ ಕಲಿಯುವುದು ಮೇಲು.

250 ಗ್ರಾಂನ ಒಂದು ಆಪೂಸ್ ತೆಗೆದುಕೊಳ್ಳಿ. ಸಿಪ್ಪೆ, ಓಟೆ ಕಳೆದರೆ 170 ಗ್ರಾಂನಷ್ಟು ತಿರುಳು ಉಳಿಯುತ್ತದೆ. 100 ಗ್ರಾಂಗೆ ಒಂದು ಪಾಲು ಎಂದರೆ ಇಡೀ ಹಣ್ಣು ಎರಡು ಪಾಲಿಗೆ ಹತ್ತಿರ. ಅರ್ಧ ಹಣ್ಣು ನಿಮ್ಮದು, ಇನ್ನರ್ಧ ಮನೆಯವರದು. ಒಂದು ಕೆನ್ನೆ ಕತ್ತರಿಸಿ, ಚೌಕ ಚೌಕ ಗೆರೆ ಎಳೆದು ಚಮಚದಿಂದ ತಿನ್ನಿ, ಓಟೆ ಚೀಪುವ ಸುಖ ಮೊಮ್ಮಕ್ಕಳಿಗೆ ಬಿಡಿ. ಆಪೂಸೋ, ರಸಪುರಿಯೋ ಎನ್ನುವ ತಕರಾರು ರುಚಿಗೆ ಸೇರಿದ್ದು. ಶುಗರಿಗೆ ಅದರಿಂದ ಆಗುವ ವ್ಯತ್ಯಾಸಕ್ಕಿಂತ 50 ಗ್ರಾಂ ಹೆಚ್ಚು ತಿಂದರೆ ಆಗುವ ವ್ಯತ್ಯಾಸ ದೊಡ್ಡದು.

ನಿಜವಾದ ಪೆಟ್ಟು ಕೊಡುವುದು ಶೀಕರಣೆ. ತಿರುಳನ್ನು ಹಿಚುಕಿ, ಹಾಲು ಬೆರೆಸಿ, ಸಕ್ಕರೆ, ಏಲಕ್ಕಿ ಹಾಕಿದ 150 ಮಿಲಿಯ ಒಂದು ವಾಟಿಯಲ್ಲಿ ಎರಡು ಚಮಚ ಸಕ್ಕರೆ ಇದ್ದರೂ ಕಾರ್ಬೋಹೈಡ್ರೇಟ್ 30 ಗ್ರಾಂ ಮುಟ್ಟುತ್ತದೆ. ಅದರ ಜೊತೆ ತಲಾ 30 ಗ್ರಾಂ ಹಿಟ್ಟಿನ ಎರಡು ಚಪಾತಿ ಸೇರಿದರೆ ಒಟ್ಟು 70 ದಾಟಿತು. ಹೋಳಿಗೆ ಜೊತೆ ಶೀಕರಣೆ ಎಂದರೆ ಲೆಕ್ಕ ಕೇಳಲೇಬೇಡಿ, ಒಂದು ಹೋಳಿಗೆಯೇ ಎರಡು ಪಾಲು ಮೀರಿರುತ್ತದೆ. ಬದಲಿಗೆ ಒಂದು ಚಪಾತಿ, ಒಂದು ವಾಟಿ ಮಡಕಿಕಾಳು ಪಲ್ಯ, ಸೌತೆಕಾಯಿ, ಕೊನೆಗೆ ಅರ್ಧ ಆಪೂಸಿನ ಹೋಳು ಎಂದರೆ ಹಣ್ಣು ಮತ್ತು ಚಪಾತಿ ಸೇರಿ 35 ಗ್ರಾಂ ಆಸುಪಾಸಿಗೆ ನಿಲ್ಲುತ್ತದೆ, ಮಾವೂ ತಿಂದಂತಾಯಿತು.

ಇಡೀ ವಿಷಯದ ಕೀಲಿ ಇಲ್ಲೇ ಇದೆ. ಹಣ್ಣನ್ನು ಊಟದ ಮೇಲೆ ಹೇರಬಾರದು, ಊಟದೊಳಗೆ ಅದಕ್ಕೆ ಜಾಗ ಮಾಡಬೇಕು. 40 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ, ಅಂದರೆ ಅರ್ಧ ರೊಟ್ಟಿ ಬಿಟ್ಟರೆ ಒಂದು ಪಾಲು ಹಣ್ಣಿಗೆ ಜಾಗ. "ಜೋಳದ ರೊಟ್ಟಿಗೆ ಶುಗರ್ ಏರೂದಿಲ್ಲ" ಎಂದು ಮೂರು ರೊಟ್ಟಿ ಮುಗಿಸಿ, ಮೇಲೆ ಹಣ್ಣು ತಿಂದು, ಆಮೇಲೆ ಮಾವಿನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಬಾಳೆಯಲ್ಲಿ ಬಾಳೆಗೆ ವ್ಯತ್ಯಾಸ

"ದಿನಕ್ಕೊಂದು ಬಾಳೆಹಣ್ಣು" ಎನ್ನುವುದು ಅಳತೆಯೇ ಅಲ್ಲ. ಸಿಪ್ಪೆ ಸುಲಿದ ಏಲಕ್ಕಿ ಬಾಳೆ 45-50 ಗ್ರಾಂ ತೂಗಿದರೆ ಉದ್ದನೆಯ ಪಚ್ಚಬಾಳೆ 100-120 ಗ್ರಾಂ. ಮೊದಲನೆಯದು ಒಂದು ಪಾಲಿಗಿಂತ ಕಡಿಮೆ, ಎರಡನೆಯದು ಒಂದೇ ಹಣ್ಣಿನಲ್ಲಿ ಎರಡು ಪಾಲು. ಏಲಕ್ಕಿ ಹೆಚ್ಚು ಸಿಹಿ ಎಂದು ಅದನ್ನು ಬಿಟ್ಟು ಪಚ್ಚಬಾಳೆ ತಿನ್ನುವವರು ನಾಲಿಗೆಯ ಮಾತು ಕೇಳಿ ಮೋಸ ಹೋಗುತ್ತಾರೆ. ಮಾಗುವ ಹಂತವೂ ಮುಖ್ಯ: ತುದಿಯಲ್ಲಿ ಇನ್ನೂ ಹಸಿರು ಉಳಿದ ಹಣ್ಣಿನಲ್ಲಿ ಜೀರ್ಣಕ್ಕೆ ಬಗ್ಗದ ಪಿಷ್ಟ ಒಂದಿಷ್ಟು ಇರುತ್ತದೆ. ಸಿಪ್ಪೆ ಮೇಲೆ ಕರಿಚುಕ್ಕೆ ಬಿದ್ದಾಗ ಅದೆಲ್ಲ ಸಕ್ಕರೆಯಾಗಿರುತ್ತದೆ.

ಚಿಕ್ಕುವಿನ ಕಥೆ ಬೇರೆ. ಅದರಲ್ಲಿ ನಾರು ಚೆನ್ನಾಗಿಯೇ ಇದೆ, ಒಂದು ತಿಂದರೆ ತೊಂದರೆಯಿಲ್ಲ. ಆದರೆ ಚಿಕ್ಕು ಒಂದು ತಿನ್ನುವವರು ಯಾರು? ಪೇಢಾ ಬಿಟ್ಟೆ ಎಂದು ಸಮಾಧಾನಕ್ಕೆ ಮೂರು ಚಿಕ್ಕು ತಿಂದರೆ 40 ಗ್ರಾಂ ದಾಟುತ್ತದೆ. ಸೀತಾಫಲಕ್ಕೂ ಇದೇ ಮಾತು, ಅದರಲ್ಲಿ ಬೀಜ-ಸಿಪ್ಪೆಯೇ ಅರ್ಧಕ್ಕಿಂತ ಹೆಚ್ಚಿರುವುದರಿಂದ ಮಧ್ಯಮ ಹಣ್ಣಿನ ಮುಕ್ಕಾಲು ಭಾಗಕ್ಕೆ ಪಾಲು ಮುಗಿಯುತ್ತದೆ.

ಕಲ್ಲಂಗಡಿಗೆ ಕೆಟ್ಟ ಹೆಸರು, ದ್ರಾಕ್ಷಿಗೆ ಒಳ್ಳೆಯದು

ಗ್ಲೈಸಿಮಿಕ್ ಇಂಡೆಕ್ಸ್, ಚಿಕ್ಕದಾಗಿ ಜಿಐ, ಎಂಬ ಪಟ್ಟಿ ಈಗ ಎಲ್ಲರ ಮೊಬೈಲಿನಲ್ಲಿದೆ. (ಧಾರವಾಡ ಪೇಢಾಕ್ಕೂ ಜಿಐ ಮಾನ್ಯತೆ ಇದೆ, ಆದರೆ ಅದು ಊರಿನ ಹೆಸರಿಗೆ ಸಿಕ್ಕ ಗುರುತು. ಎರಡನ್ನೂ ಕಲಸಿಕೊಂಡು ಪೇಢಾ ತಿನ್ನಬೇಡಿ.) ಪಟ್ಟಿಯಲ್ಲಿ ಕಲ್ಲಂಗಡಿ 70ರ ಮೇಲೆ ಕೂತಿರುವುದನ್ನು ಕಂಡು ಜನ ಹೆದರುತ್ತಾರೆ, ದ್ರಾಕ್ಷಿ 50ರ ಸುತ್ತಮುತ್ತ ಇರುವುದನ್ನು ಕಂಡು ಗೊಂಚಲು ಎತ್ತಿಕೊಳ್ಳುತ್ತಾರೆ. ಆ ಅಂಕಿ ಬರುವ ಬಗೆ ತಿಳಿದರೆ ಹೆದರಿಕೆ ಹೋಗುತ್ತದೆ. ಪರೀಕ್ಷೆಯಲ್ಲಿ ಪ್ರತಿ ಆಹಾರವನ್ನೂ 50 ಗ್ರಾಂ ಜೀರ್ಣವಾಗುವ ಕಾರ್ಬೋಹೈಡ್ರೇಟ್ ಸಿಗುವಷ್ಟು ತಿನ್ನಿಸಿ, ಶುಗರ್ ಏರುವುದನ್ನು ಗ್ಲೂಕೋಸ್ ಕುಡಿಸಿದಾಗಿನ ಏರಿಕೆಗೆ ಹೋಲಿಸುತ್ತಾರೆ. ಕಲ್ಲಂಗಡಿಯಲ್ಲಿ 50 ಗ್ರಾಂ ಸಿಗಬೇಕಾದರೆ ಸುಮಾರು 700 ಗ್ರಾಂ ತಿನ್ನಬೇಕು. ದ್ರಾಕ್ಷಿಯಾದರೆ 300 ಗ್ರಾಂ ಸಾಕು, ಅಷ್ಟು ದ್ರಾಕ್ಷಿಯನ್ನು ಟಿವಿ ನೋಡುತ್ತಾ ಮುಗಿಸುವುದು ಯಾರಿಗೂ ಕಷ್ಟವಲ್ಲ. ಕಲ್ಲಂಗಡಿ ಒಂದು ಬಟ್ಟಲಿಗೆ ಸೀಮಿತವಾದರೆ ಬೇಸಿಗೆಗೆ ಒಳ್ಳೆಯ ಹಣ್ಣು. ದ್ರಾಕ್ಷಿಯನ್ನು ಮಾತ್ರ ಎಣಿಸಿ ತಟ್ಟೆಗೆ ಹಾಕಿ, ಗೊಂಚಲನ್ನು ಫ್ರಿಜ್ಜಿಗೆ ಮರಳಿಸಿ, ಆಮೇಲೆ ಕೂತುಕೊಳ್ಳಿ.

ಕವಳಿ, ಬಾರಿಹಣ್ಣು, ನೆಲ್ಲಿಕಾಯಿ ಋತುವಿನಲ್ಲಿ ಬಂದು ಹೋಗುವಂಥವು. ಒಂದು ಹಿಡಿಯೊಳಗೆ ಇದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನೆಲ್ಲಿ ಮುರಬ್ಬಾ ಮಾತ್ರ ನೆಲ್ಲಿಯಲ್ಲ, ಸಕ್ಕರೆ ಪಾಕ.

ನೇರಲ ಹಣ್ಣಿನ ಬಗ್ಗೆ ಎರಡು ಮಾತು ಬೇಕು. ಮಳೆ ಹಿಡಿಯುವ ಹೊತ್ತಿಗೆ ಬುಟ್ಟಿಗಟ್ಟಲೆ ಬರುವ ಇದನ್ನು ಶುಗರಿನ ಔಷಧಿ ಎಂದೇ ಮಾರುತ್ತಾರೆ. ಹಣ್ಣು ಹಣ್ಣೇ: 90 ಗ್ರಾಂಗೆ ಒಂದು ಪಾಲು, ನಾರು ಪೇರಲದಷ್ಟೂ ಇಲ್ಲ. ಬೀಜದ ಪುಡಿಯನ್ನು ಮೆಟ್‌ಫಾರ್ಮಿನ್ ಬದಲಿಗೆ ನುಂಗಿ ಗುಳಿಗೆ ನಿಲ್ಲಿಸುವುದು ಇಲ್ಲಿ ಪದೇ ಪದೇ ಕಾಣುವ ತಪ್ಪು. ನಿಲ್ಲಿಸಿದ ವಾರದಲ್ಲಿ ಏನೂ ಗೊತ್ತಾಗದು, ಸುಮಾರು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾಡಿಸಿದಾಗ ಬೆಲೆ ಕಾಣುತ್ತದೆ.

ಹಿಂಡಿದರೆ ಹಣ್ಣಲ್ಲ

ಒಂದು ಲೋಟ, ಅಂದರೆ 250 ಮಿಲಿ ಮೋಸಂಬಿ ಜ್ಯೂಸಿಗೆ ಮೂರ್ನಾಲ್ಕು ಹಣ್ಣು ಬೇಕು. ಅಷ್ಟನ್ನು ಸುಲಿದು ತಿನ್ನಲು ಹೊರಟರೆ ಎರಡನೆಯದಕ್ಕೇ ಸಾಕೆನಿಸುತ್ತದೆ, ಕುಡಿಯಲು ಒಂದು ನಿಮಿಷ ಸಾಕು. ನಾರು ಜರಡಿಯಲ್ಲಿ ಉಳಿಯಿತು, 25 ಗ್ರಾಂ ಸಕ್ಕರೆ ಲೋಟಕ್ಕೆ ಬಂತು, ಅಂಗಡಿಯವರು ಕೇಳದೆಯೇ ಹಾಕಿದ ಸಕ್ಕರೆ ಬೇರೆ. 250 ಮಿಲಿ ಕಬ್ಬಿನ ಹಾಲಿನಲ್ಲಿ 30 ಗ್ರಾಂ ಮೀರುತ್ತದೆ. ಚಿಕ್ಕು ಮಿಲ್ಕ್‌ಶೇಕ್ ಎಂದರೆ ಹಣ್ಣು, ಸಕ್ಕರೆ, ಐಸ್‌ಕ್ರೀಮು ಮೂರೂ ಒಂದೇ ಲೋಟದಲ್ಲಿ. ಸಕ್ಕರೆ ಹಾಕದ ಜ್ಯೂಸಿನಲ್ಲೂ ಇನ್ನೊಂದು ತೊಡಕಿದೆ: ಹಣ್ಣಿನ ಸಕ್ಕರೆಯ ಒಂದು ಭಾಗ ಫ್ರಕ್ಟೋಸ್. ಅದು ನೇರವಾಗಿ ಯಕೃತ್ತಿಗೆ ಹೋಗುತ್ತದೆ, ಗ್ಲೂಕೋಮೀಟರಿನಲ್ಲಿ ಹೆಚ್ಚು ಕಾಣುವುದಿಲ್ಲ. ಮೀಟರ್ ಸುಮ್ಮನಿದೆ ಎಂದು ದಿನಾ ಲೋಟಗಟ್ಟಲೆ ಕುಡಿದರೆ ಟ್ರೈಗ್ಲಿಸರೈಡ್, ಯಕೃತ್ತಿನ ಕೊಬ್ಬು ಹೆಚ್ಚುತ್ತವೆ.

ಯಾವ ಹೊತ್ತು

ಅನೇಕರಿಗೆ ಬೆಳಗಿನ ಹೊತ್ತು ಇನ್ಸುಲಿನ್ ಕೆಲಸ ಮಂದ. ಖಾಲಿ ಹೊಟ್ಟೆಗೆ ಪಪ್ಪಾಯಿ ಬಟ್ಟಲು ತಿಂದು, ಅದರ ಹಿಂದೆಯೇ ಅವಲಕ್ಕಿಯೋ ಇಡ್ಲಿಯೋ ತಿನ್ನುವವರ ಮೀಟರ್ ಏರಲು ಇದೇ ಕಾರಣ. ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ, ಇಲ್ಲವೇ ಸಂಜೆ ನಾಲ್ಕರ ಸುಮಾರಿಗೆ ಚಹಾದ ಜೊತೆಯ ಬಿಸ್ಕೀಟು, ಚುರುಮುರಿಯನ್ನು ತೆಗೆದು ಆ ಜಾಗದಲ್ಲಿ ಹಣ್ಣು ಇಡುವುದು ಹೆಚ್ಚಿನವರಿಗೆ ಹೊಂದುತ್ತದೆ. ಜೊತೆಗೆ ಒಂದು ಸಣ್ಣ ಹಿಡಿ, 20 ಗ್ರಾಂನಷ್ಟು, ಹುರಿದ ಶೇಂಗಾ ಇರಲಿ. ಅದರ ಕೊಬ್ಬು-ಪ್ರೋಟೀನು ಜಠರ ಖಾಲಿಯಾಗುವ ವೇಗ ತಗ್ಗಿಸುತ್ತದೆ. ಶೇಂಗಾಕ್ಕೆ ಬೆಲ್ಲ ಸೇರಿಸಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಏಕಾದಶಿ, ಶಿವರಾತ್ರಿ, ಶ್ರಾವಣ ಸೋಮವಾರದ ಉಪವಾಸದಲ್ಲಿ ಹಣ್ಣು ಮಾತ್ರ ತಿನ್ನುವವರು ವೈದ್ಯರನ್ನು ಮೊದಲೇ ಕೇಳಬೇಕು. ಶುಗರ್ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ಅಥವಾ ಇನ್ಸುಲಿನ್ ಎಂದಿನ ಪ್ರಮಾಣದಲ್ಲೇ ತೆಗೆದುಕೊಂಡು ಊಟ ಬಿಟ್ಟರೆ ಮಧ್ಯಾಹ್ನ ಶುಗರ್ ಕುಸಿಯುತ್ತದೆ, ಸಂಜೆ ನಾಲ್ಕು ಬಾಳೆಹಣ್ಣಿಗೆ ಅದೇ ಶುಗರ್ ಹಾರುತ್ತದೆ.

ನಿಮ್ಮ ದೇಹಕ್ಕೆ ಯಾವುದು ಎಂದು ತಿಳಿಯುವ ಬಗೆ

ಒಂದೇ ಹಣ್ಣಿಗೆ ಇಬ್ಬರ ಶುಗರ್ ಒಂದೇ ಥರ ಏರುವುದಿಲ್ಲ. ಒಂದು ದಿನ ಎಂದಿನ ಊಟ, ಹಣ್ಣಿಲ್ಲದೆ. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಸರಿಯಾಗಿ ಎರಡು ತಾಸಿಗೆ ಒಮ್ಮೆ ಪರೀಕ್ಷಿಸಿ ಬರೆದಿಡಿ. ಇನ್ನೊಂದು ದಿನ ಅದೇ ಊಟದಲ್ಲಿ ಅರ್ಧ ರೊಟ್ಟಿ ತೆಗೆದು ಒಂದು ಪಾಲು ಹಣ್ಣು ಸೇರಿಸಿ, ಹಾಗೆಯೇ ನೋಡಿ. ಗರ್ಭಿಣಿಯರಲ್ಲದ ಹೆಚ್ಚಿನ ವಯಸ್ಕರಿಗೆ ಊಟಕ್ಕೆ ಮುಂಚೆ 80-130, ಊಟದ ನಂತರ 180ರ ಒಳಗೆ ಎನ್ನುವುದು ಸಾಮಾನ್ಯ ಗುರಿ. ಹಿರಿಯರಿಗೆ ವೈದ್ಯರು ಸಡಿಲ ಮಾಡಿರಬಹುದು, ಗರ್ಭಿಣಿಯರಿಗೆ ಬಿಗಿ: ಎರಡು ತಾಸಿಗೆ 120ರ ಒಳಗೆ. ಒಂದೇ ಅಂಕಿಗೆ ತೀರ್ಪು ಕೊಡಬೇಡಿ. ಒಳ್ಳೆಯ ಮೀಟರಿಗೂ 15 ಶೇಕಡಾ ಹಿಂದೆಮುಂದೆ ಆಗುವ ಸಡಿಲಿಕೆ ಇದೆ, ನಿಜ 160 ಇದ್ದರೆ ಅದು 140 ಎಂದೂ 180 ಎಂದೂ ತೋರಿಸಬಹುದು. ಎರಡು ಮೂರು ಸಲ ಮಾಡಿ ಸರಾಸರಿ ನೋಡಿ.

ಇಲ್ಲಿ ಆಗುವ ದೊಡ್ಡ ಎಡವಟ್ಟು ಬೆರಳಿನದು. ಮಾವು ಹೆಚ್ಚಿದ, ಕಿತ್ತಳೆ ಸುಲಿದ ಕೈಯಲ್ಲೇ ಚುಚ್ಚಿದರೆ ಚರ್ಮಕ್ಕೆ ಅಂಟಿದ ರಸ ಆ ಸಣ್ಣ ರಕ್ತದ ಹನಿಯಲ್ಲಿ ಬೆರೆತು ಅಂಕಿ 250, 300 ಎಂದು ಹಾರುತ್ತದೆ. ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಸಿಕೊಂಡರೆ ಅಪಾಯ. ಸ್ಪಿರಿಟ್ ಹತ್ತಿಯಿಂದ ಒರೆಸಿದರೂ ಆ ಸಕ್ಕರೆ ಪೂರ್ತಿ ಹೋಗದು. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಬೆರಳಿನ ಬದಿಗೆ ಚುಚ್ಚಿ. ಊಹೆಗೆ ಮೀರಿದ ಅಂಕಿ ಬಂದರೆ ಕೈ ತೊಳೆದು ಇನ್ನೊಂದು ಬೆರಳಿನಿಂದ ಮತ್ತೆ ನೋಡಿ, ಔಷಧಿಯ ಮಾತು ಆಮೇಲೆ.

ಕೊನೆಗೆ, ಲೆಕ್ಕವೆಲ್ಲ ಉಲ್ಟಾ ಆಗುವ ಗಳಿಗೆ. ಮೈ ನಡುಗಿ, ಬೆವರಿ, ಶುಗರ್ 70ಕ್ಕಿಂತ ಕೆಳಗಿಳಿದಾಗ ಪೇರಲ ಕೊಡಬೇಡಿ, ಅದರ ನಾರು ಸಕ್ಕರೆಯನ್ನು ತಡೆಹಿಡಿಯುತ್ತದೆ. ಆಗ ಬೇಕಾದದ್ದು ನೀರಿನಲ್ಲಿ ಕರಗಿಸಿದ 15 ಗ್ರಾಂ ಸಕ್ಕರೆ, ಅಂದರೆ ಮೂರು ಚಮಚ, ಅಥವಾ ಅರ್ಧ ಲೋಟ ಜ್ಯೂಸು. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಏರಿರದಿದ್ದರೆ ಮತ್ತೊಮ್ಮೆ ಅಷ್ಟೇ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಗುಳಿಗೆ ತೆಗೆದುಕೊಳ್ಳುವವರಿಗೆ ಸಕ್ಕರೆಯೂ ಬೇಗ ಒಡೆಯುವುದಿಲ್ಲ, ಅವರ ಮನೆಯಲ್ಲಿ ಗ್ಲೂಕೋಸ್ ಪುಡಿಯ ಡಬ್ಬಿಯೇ ಇರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.